ಗಣಿತ ಕಂಡರಾಗದವರು ಸಾರ್ವಜನಿಕ ಆರೋಗ್ಯದ ಪದವಿ ಓದಬಹುದೇ?

ಪ್ರಶ್ನೆ: ಸಾರ್ವಜನಿಕ ಆರೋಗ್ಯದಲ್ಲಿ ಪದವಿ ಮಾಡುವ ಆಸೆಯಿದೆ. ಆದರೆ ಪಠ್ಯಕ್ರಮದಲ್ಲಿ ‘ಜೈವಿಕ ಸಂಖ್ಯಾಶಾಸ್ತ್ರ’ (ಆರೋಗ್ಯದ ಅಂಕಿಅಂಶಗಳ ಲೆಕ್ಕ) ಎಂಬುದನ್ನು ಕಂಡು ಎದೆ ಧಸಕ್ಕೆಂದಿತು. ಗಣಿತ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸೇರಬಹುದೇ?

ಉತ್ತರ: ಧಾರಾಳವಾಗಿ ಸೇರಿ. ಆದರೆ ಅಂಕಿಗಳಿಂದ ತಪ್ಪಿಸಿಕೊಳ್ಳಬಹುದು ಎಂದುಕೊಂಡು ಸೇರಬೇಡಿ. ಡಾಕ್ಟರ ಎದುರು ಒಬ್ಬ ರೋಗಿ ಕೂತಿರುತ್ತಾನೆ. ಈ ಓದಿನವರ ಎದುರು ಇಡೀ ಊರೇ ಇರುತ್ತದೆ. ಊರಿನ ನಾಡಿ ಸಿಗುವುದು ಲೆಕ್ಕದಲ್ಲೇ.

ಎಂಥ ಲೆಕ್ಕ? 1854ರಲ್ಲಿ ಲಂಡನ್ನಿಗೆ ಕಾಲರಾ ಬಡಿದಾಗ ಜಾನ್ ಸ್ನೋ ಎಂಬ ವೈದ್ಯರಿಗೆ ನೀರಿನ ಮೇಲೆ ಗುಮಾನಿ. ನಗರದ ದಕ್ಷಿಣ ಭಾಗದಲ್ಲಿ ಒಂದೇ ಬೀದಿಯ ಮನೆಗಳಿಗೆ ಎರಡು ಕಂಪನಿಗಳ ನೀರು ಬರುತ್ತಿತ್ತು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಥೇಮ್ಸ್ ನದಿಗೆ ಚರಂಡಿ ಸೇರುವ ಕಡೆಯೇ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲೇ ನೀರೆತ್ತುವ ಜಾಗವನ್ನು ನಗರದ ಚರಂಡಿ ತಲುಪದ ನದಿಯ ಮೇಲ್ಭಾಗಕ್ಕೆ ಬದಲಿಸಿತ್ತು. ಮೊದಲ ಏಳು ವಾರಗಳಲ್ಲಿ ಮೊದಲನೆಯದರ ಮನೆಗಳಲ್ಲಿ 1,263 ಸಾವು, ಎರಡನೆಯದರಲ್ಲಿ 98. ‘ಅವರಿಗೆ ಮನೆಗಳೇ ಜಾಸ್ತಿ, ಸಾವೂ ಜಾಸ್ತಿ’ ಎಂದು ಯಾರಾದರೂ ತಳ್ಳಿಹಾಕಬಹುದಿತ್ತು. ಅದೂ ಸುಳ್ಳಲ್ಲ: 40,046 ಮನೆಗಳೆಲ್ಲಿ, 26,107 ಎಲ್ಲಿ! ಹಾಗಾಗಿ ಸ್ನೋ ಭಾಗಾಕಾರ ಮಾಡಿದರು. 10,000 ಮನೆಗೆ ಅಲ್ಲಿ 315 ಸಾವು, ಇಲ್ಲಿ 37. ಕಾಲರಾದ ಬ್ಯಾಕ್ಟೀರಿಯಾ ಗೊತ್ತಿಲ್ಲದೆಯೇ ದಾರಿ ಸಿಕ್ಕಿತು. ಪ್ರಾಥಮಿಕ ಶಾಲೆಯ ಭಾಗಾಕಾರ, ಅಷ್ಟೆ. ಕಷ್ಟದ್ದು ಮನೆಮನೆಗೆ ಹೋಗಿ ‘ನಿಮಗೆ ಯಾರ ನೀರು?’ ಎಂದು ವಿಚಾರಿಸಿದ್ದು.

‘ಎಷ್ಟು ಜನರಲ್ಲಿ ಎಷ್ಟು?’ ಎಂಬುದೇ ಇಡೀ ಪದವಿಯುದ್ದಕ್ಕೂ ಬೆನ್ನು ಬಿಡದ ಪ್ರಶ್ನೆ. ಒಂದು ಕಲ್ಪಿತ ಲೆಕ್ಕ ನೋಡಿ. 1,000 ಜನರಲ್ಲಿ 10 ಮಂದಿಗೆ ಕಾಯಿಲೆಯಿದೆ. ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಆದರೆ ಕಾಯಿಲೆಯಿಲ್ಲದವರಲ್ಲೂ ನೂರಕ್ಕೆ ಹತ್ತು ಮಂದಿಗೆ ‘ಪಾಸಿಟಿವ್’ ಎನ್ನುತ್ತದೆ. ಅಂದರೆ 990ರಲ್ಲಿ 99 ಮಂದಿ. ಒಟ್ಟು 108 ಪಾಸಿಟಿವ್, ನಿಜವಾದ ರೋಗಿಗಳು 9. ಹೆದರಿದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸುಮ್ಮನೆ ಹೆದರಿದ್ದು! ಇದು ನನಗೆ ಮೊದಲ ಸಲ ಅರ್ಥವಾದಾಗ ಇನ್ನೊಮ್ಮೆ ಕೂಡಿ ನೋಡಿದ್ದೆ.

ದೊಡ್ಡ ಲೆಕ್ಕಗಳನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಯಾವ ಲೆಕ್ಕ ಕೇಳಬೇಕು, ಬಂದ ಉತ್ತರವನ್ನು ಎಷ್ಟು ನಂಬಬೇಕು ಎನ್ನುವುದು ಮಾತ್ರ ನಿಮ್ಮ ಪಾಲಿನದು. ಉಳಿದಂತೆ ಎಪಿಡೆಮಿಯಾಲಜಿ (ರೋಗ ಯಾರಿಗೆ, ಎಲ್ಲಿ, ಏಕೆ ಬರುತ್ತದೆ ಎಂಬ ಅಧ್ಯಯನ), ಪರಿಸರ ಆರೋಗ್ಯ, ಆರೋಗ್ಯ ನೀತಿ, ಜನರ ನಡವಳಿಕೆ ಇವೆಲ್ಲ ಇರುತ್ತವೆ. ವರದಿ ಬರೆಯುವ ಕೆಲಸವೂ ಬೇಕಾದಷ್ಟು. ಅಂದಹಾಗೆ, ಈ ಪದವಿಯಿಂದ ರೋಗಿಗಳಿಗೆ ಔಷಧಿ ಬರೆದುಕೊಡುವ ಅಧಿಕಾರ ಬರುವುದಿಲ್ಲ. ಅದೇ ನಿಮ್ಮ ಕನಸಾಗಿದ್ದರೆ ದಾರಿ ಬೇರೆ.

ಸೇರುವ ಮುನ್ನ ಶೇಕಡಾವಾರು, ಅನುಪಾತ, ಸರಾಸರಿ ಇಷ್ಟನ್ನು ಒಮ್ಮೆ ತಿರುವಿಹಾಕಿ. ಮುಂದೆ ‘ಅಪಾಯ ಎರಡು ಪಟ್ಟು’ ಎಂಬ ಸುದ್ದಿ ಕಂಡಾಗ, ಎಷ್ಟಿದ್ದದ್ದು ಎಷ್ಟಾಯಿತು ಎಂದು ಹುಡುಕಿ ನೋಡಿ. ಲಕ್ಷಕ್ಕೆ ಒಂದಿದ್ದದ್ದು ಎರಡಾದರೂ ಎರಡು ಪಟ್ಟೇ.