ತಾವರೆಯ ನೆಂಟರು ಕಾಫಿ ತೋಟದಲ್ಲಿ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿರೋದು ಧಾರವಾಡದ ಅಜ್ಜಿ. ಮೊನ್ನೆ ಲಿಫ್ಟಿನಲ್ಲಿ ಹಿಡಿದು ಕೇಳಿದರು: "ಏನವಾ, ಕಲ್ಲಾಗ ಹೂವು ಹುಡಕ್ತೀ ಅಂತಲ್ಲ. ಎಲ್ಲಾಕಿಂತ ಮೊದಲ ಅರಳಿದ್ದು ತಾವರಿ ಹೌದಿಲ್ಲೋ? ಬ್ರಹ್ಮ ಸೈತ ಅದರಾಗ ಹುಟ್ಯಾನ."

ಅಲ್ಲ ಅನ್ನೋಕೆ ಸಂಕೋಚವಾಯಿತು. ನೋಡೋಕೆ ತಾವರೆ, ನೈದಿಲೆ ಅಕ್ಕತಂಗಿಯರ ಹಾಗಿವೆ. ನೈದಿಲೆಯೇನೋ ನಿಜಕ್ಕೂ ಬಹಳ ಹಳೆಯ ಕವಲು. ತಾವರೆ ಹಾಗಲ್ಲ. ಡಿಎನ್‌ಎ ಹೇಳುವಂತೆ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಅದಕ್ಕೆ ಹತ್ತಿರದ ನೆಂಟ. "ಅಂದ್ರ ಬ್ರಹ್ಮ ಕಾಫಿ ತ್ವಾಟದಾಗ ಹುಟ್ಟಿದ್ನೇನು?" ಅಂದರು ಅಜ್ಜಿ.

ಎಸಳು ಮೋಸ ಮಾಡುತ್ತದೆ. ಸಾಲದ್ದಕ್ಕೆ ಬೇಗ ಕೊಳೆಯುತ್ತದೆ. ನಾವು ನೆಚ್ಚೋದು ಪರಾಗವನ್ನು. ಅದರ ಸಿಪ್ಪೆ ಎಷ್ಟು ಗಟ್ಟಿ ಅಂದರೆ, ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಕಲ್ಲು ಕರಗಿದರೂ ಅದು ಉಳಿಯುತ್ತದೆ. (ಈ ಕೆಲಸಕ್ಕೆ ಪ್ಲಾಸ್ಟಿಕ್ ಪಾತ್ರೆಯೇ ಬೇಕು.) ಆಮೇಲೆ ಸಿಪ್ಪೆಯ ಮೇಲಿನ ಗೀರು ಎಣಿಸೋದು. ಸಂಪಿಗೆ ಪರಾಗಕ್ಕೆ ಒಂದೇ ಗೀರು. ಸಾಸಿವೆಗೆ ಮೂರು, ತಾವರೆಗೂ ಮೂರು! ಹೂಗಿಡಗಳ ಪರಾಗ ಸುಮಾರು 13.5 ಕೋಟಿ ವರ್ಷ ಹಳೆಯ ಪದರಗಳಲ್ಲೇ ಸಿಕ್ಕಿದೆ. ಮೂರು ಗೀರಿನದು ಕಾಣಿಸಿಕೊಳ್ಳೋದು ಸುಮಾರು 12.5 ಕೋಟಿ ವರ್ಷದ ಹಿಂದೆ. ಒಂದು ಗೀರು ಕಂಡ ಕೂಡಲೇ ಹೂವು ಅನ್ನುವಂತಿಲ್ಲ, ಹೂವೇ ಬಿಡದ ಸೈಕಸ್‌ಗೂ ಒಂದೇ ಗೀರು. ಆಗ ಸಿಪ್ಪೆಯ ಒಳಗಿನ ಸಣ್ಣ ಕಂಬಗಳನ್ನು ನೋಡಬೇಕು. ಕಣ್ಣು ಕೀಳುವ ಕೆಲಸ.

ಇಡೀ ಹೂವು ಸಿಗೋದು ಅಪರೂಪ. ಪುಣೆಯ ಕೆಳಗಿರುವ ಲಾವಾ ಕಲ್ಲಿನ ಹಾಸು ಮಧ್ಯಪ್ರದೇಶದ ಛಿಂದ್ವಾಡಾದ ಕಡೆಗೂ ಹಬ್ಬಿದೆ. ಅಲ್ಲಿನ ಮೋಹಗಾಂವ್ ಕಲಾನ್‌ನಲ್ಲಿ, ಲಾವಾ ಪದರಗಳ ನಡುವೆ, ಸಿಲಿಕಾ ತುಂಬಿಕೊಂಡು ಹೂವೇ ಕಲ್ಲಾಗಿದೆ. ಅಂಥ ಒಂದಕ್ಕೆ ಪಳೆಯುಳಿಕೆ ಗಿಡಗಳ ವಿಜ್ಞಾನಿ ಬೀರಬಲ್ ಸಾಹ್ನಿಯವರ ಹೆಸರಿನಿಂದ ಸಾಹ್ನಿಯಾಂಥಸ್ ಅಂತಾರೆ. ವಯಸ್ಸು ಸುಮಾರು 6.6 ಕೋಟಿ ವರ್ಷ. ಅಷ್ಟೊತ್ತಿಗೆ ಹೂಗಳ ಸಂಸಾರ ದೊಡ್ಡದಾಗಿತ್ತು.

ಅದೇ ಕಾಲದ ಮಣ್ಣಿನ ಸ್ಲೈಡಿನಲ್ಲಿ ಒಮ್ಮೆ ಮೈತುಂಬ ಮುಳ್ಳಿನ ಕಣವೊಂದು ಕಂಡಿತು. ಕುಣಿಯೋದೊಂದು ಬಾಕಿ. ಸರಿಯಾಗಿ ನೋಡಿದರೆ ಒಳಗಿನ ತಿರುಳೂ ಬಣ್ಣ ಹೀರಿ ಕೆಂಪಾಗಿತ್ತು. ಪಳೆಯುಳಿಕೆಯಲ್ಲಿ ತಿರುಳೆಲ್ಲಿಂದ ಬರಬೇಕು, ಬರೀ ಸಿಪ್ಪೆ ಅಲ್ವಾ? ಅದು ಚೆಂಡು ಹೂವಿನ ಪರಾಗ. ದಸರೆಗೆ ಮೈಕ್ರೋಸ್ಕೋಪಿಗೆ ಹಾರ ಹಾಕಿದ್ದು ನಾನೇ. ಈಗ ಅದಕ್ಕೆ ಕುಂಕುಮ ಮಾತ್ರ, ಹಾರ ಏನಿದ್ದರೂ ಬಾಗಿಲಿಗೆ.