ತಿಂಗಳಿಗೊಂದು ಡೈಪರ್ ಹೊಲಿಯಬೇಕಾ?

"ಮಗುವಿಗೆ ಮೂರು ತಿಂಗಳು. ಬಟ್ಟೆ ಡೈಪರ್ ಹೊಲಿದರೆ ಬೇಗ ಚಿಕ್ಕದಾಗುತ್ತಾ? ತೊಡೆ ನಡುವೆ ದಪ್ಪ ಬಟ್ಟೆ ಇದ್ದರೆ ಕಾಲು ಸೊಟ್ಟ ಆಗುತ್ತೆ ಅಂತಾರೆ ನಮ್ಮತ್ತೆ, ನಿಜಾನಾ?"

ಮೊದಲ ಪ್ರಶ್ನೆ ಸುಲಭದ್ದು. ಮುಂಭಾಗಕ್ಕೆ ಮೂರು ಸಾಲು ಟಿಚ್ ಬಟನ್ ಹಾಕಿ. ಈಗ ಮೇಲಿನ ಸಾಲನ್ನು ಕೆಳಗಿನದಕ್ಕೆ ಒತ್ತಿ, ಮಗು ಬೆಳೆದ ಹಾಗೆ ಬಿಚ್ಚುತ್ತಾ ಹೋಗಿ. ತೊಡೆಯ ಇಲಾಸ್ಟಿಕ್ಕನ್ನು ಬಟ್ಟೆಗೇ ಸೇರಿಸಿ ಹೊಲಿಯಬೇಡಿ. ಲಂಗಕ್ಕೆ ಲಾಡಿ ಹಾಕಲು ಮಡಚಿ ಹೊಲಿಯುತ್ತೀವಲ್ಲ, ಹಾಗೇ ಮಡಚಿ ಹೊಲಿದು, ಪಿನ್ನಿಗೆ ಸಿಕ್ಕಿಸಿ ಇಲಾಸ್ಟಿಕ್ ತೂರಿಸಿ. ಎರಡೂ ತುದಿಯಲ್ಲಿ ಒಂದೊಂದು ಇಂಚು ಜಾಸ್ತಿ ಇರಲಿ. ತೊಡೆ ದಪ್ಪ ಆದಾಗ ಸಡಿಲ ಮಾಡಬಹುದು. ಹತ್ತಿ ಬಟ್ಟೆಯನ್ನು ಒಗೆದು ಒಣಗಿಸಿದ ಮೇಲೇ ಕತ್ತರಿಸಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ.

ಇನ್ನು ಸೊಟ್ಟ ಕಾಲು. ಚಿಕ್ಕಮಗಳೂರಿನಲ್ಲಿ ಹೊಲಿಗೆ ಕಲಿಸಲು ಶುರು ಮಾಡಿದಾಗಿನಿಂದ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹುಟ್ಟಿದ ಮಗುವಿನ ಕಾಲು ಸೊಟ್ಟಗೇ ಇರುತ್ತದೆ. ಹೊಟ್ಟೆಯಲ್ಲಿ ಮಡಚಿಕೊಂಡೇ ಬೆಳೆದಿದೆ, ಅಲ್ವಾ? ಸಾಮಾನ್ಯವಾಗಿ 2 ವರ್ಷದ ಹೊತ್ತಿಗೆ ತಾನಾಗೇ ನೆಟ್ಟಗಾಗುತ್ತದೆ. 3-4 ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಗೆ ವಾಲಿ, 7ರ ಹೊತ್ತಿಗೆ ಸರಿಹೋಗುತ್ತವೆ. ಡೈಪರ್ ಕಾಣದ ಮಕ್ಕಳಿಗೂ ಹೀಗೇ. ಮಗುವನ್ನು ದಿನವಿಡೀ ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುತ್ತೀವಲ್ಲ, ಆಗ ಕಾಲು ಇದಕ್ಕಿಂತ ಅಗಲವಾಗಿರುತ್ತದೆ. ಅದಕ್ಕೆ ಯಾವ ಅತ್ತೆಯೂ ಬೇಡ ಅಂದಿದ್ದನ್ನು ನಾನು ಕೇಳಿಲ್ಲ! ಹುಟ್ಟುವಾಗಲೇ ಸೊಂಟದ ಕೀಲು ಸಡಿಲ ಇರುವ ಮಕ್ಕಳಿಗೆ ಡಾಕ್ಟರೇ ಕಾಲು ಅಗಲಿಸಿ ಪಟ್ಟಿ ಕಟ್ಟುತ್ತಾರೆ. ಭಯ ಪಡಬೇಕಾದದ್ದು ಉಲ್ಟಾ ಕೆಲಸಕ್ಕೆ. ಎಣ್ಣೆ ಸ್ನಾನ ಮಾಡಿಸಿ, ಸಾಂಬ್ರಾಣಿ ಹಾಕಿ, ಎರಡೂ ಕಾಲನ್ನು ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತಿ ಮಲಗಿಸುತ್ತಾರಲ್ಲ, ಅದರಿಂದ ಕೀಲಿಗೆ ತೊಂದರೆ ಆಗಬಹುದು. ಸುತ್ತುವುದಾದರೆ ಕಾಲು ಆಡುವಷ್ಟು ಸಡಿಲ ಬಿಡಿ. 2 ವರ್ಷ ದಾಟಿದರೂ ಡೊಂಕು ಹೋಗದಿದ್ದರೆ, ಅಥವಾ ಒಂದೇ ಕಾಲು ಬಾಗಿದ್ದರೆ, ಡಾಕ್ಟರಿಗೆ ತೋರಿಸಿ. ವಿಟಮಿನ್ ಡಿ ಕೊರತೆಯಿಂದಲೂ ಮೂಳೆ ಬಾಗುತ್ತದೆ. ಸುಮ್ನೆ ಡೈಪರ್ ಬೈಯುತ್ತಾ ಕೂರಬೇಡಿ.

ನೀವು ಕೇಳಲಿಲ್ಲ, ಆದರೆ ಆಷಾಢದಲ್ಲಿ ಖಂಡಿತ ಕೇಳುತ್ತೀರಿ: ಒಣಗಿಸುವುದು ಹೇಗೆ? ಮೂಡಿಗೆರೆ, ಕೊಪ್ಪದ ಕಡೆಯವರಿಗಂತೂ ಇದೇ ದೊಡ್ಡ ತಲೆನೋವು. ಎಂಟು ಪದರ ಒಟ್ಟಿಗೆ ಹೊಲಿದ ಪ್ಯಾಡ್ ಮಳೆಗಾಲದಲ್ಲಿ ಒಣಗುವ ಮಾತೇ ಇಲ್ಲ, ಮುಗ್ಗಲು ವಾಸನೆ ಬೇರೆ. ಹಳೇ ಪಂಚೆಯ ದೊಡ್ಡ ತುಂಡನ್ನು ಮಡಚಿ ಒಳಗಿಡಿ. ಒಗೆದ ಮೇಲೆ ಬಿಡಿಸಿ, ಬಚ್ಚಲೊಲೆಯ ಹತ್ತಿರದ ಹಗ್ಗಕ್ಕೆ ಹಾಕಿದರೆ ಬೆಳಿಗ್ಗೆಗೆ ಗರಿಗರಿ. ನೀರು ಇಳಿಯದ ಹೊರಗಿನ ಕವರನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ. ನನ್ನ ಎರಡು ಕವರ್ ಒಲೆಯ ಕಾವಿಗೆ ಗುಳ್ಳೆ ಎದ್ದು, ಒಳಗಿನ ಪೊರೆ ಹಪ್ಪಳದ ಹಾಗೆ ಬಿಟ್ಟುಕೊಂಡಿತ್ತು. ಟಿಚ್ ಬಟನ್ ಬಿಚ್ಚಿಟ್ಟುಕೊಂಡು, ಉಳಿದದ್ದನ್ನು ಎಸೆದೆ.