ಮಾಡೆಲ್‌ನಲ್ಲಿ ನೆಲದಡಿಯ ನದಿ ಯಾಕಿಲ್ಲ?

ಪ್ರಶ್ನೆ: ಕೋಲಾರದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಿಮ್ಮ ಅಂತರ್ಜಲದ ಮಾಡೆಲ್ ನೋಡಿದೆ. ಬರೀ ಕಲ್ಲು ತುಂಬಿಸಿದ್ದೀರಿ. ಕೆಳಗೆ ಹರಿಯುವ ನದಿಯನ್ನು ಯಾಕೆ ತೋರಿಸಿಲ್ಲ?

ಉತ್ತರ: ಇಲ್ಲದ ನದಿಯನ್ನು ಎಲ್ಲಿಂದ ತೋರಿಸಲಿ? ಪ್ರತಿ ಸಲವೂ ಆ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು ಇದೇ ಮಾತು ಹೇಳುತ್ತೇನೆ. ಸಂಜೆ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಆದರೂ ಮತ್ತೊಮ್ಮೆ ಹೇಳುತ್ತೇನೆ, ಯಾಕೆಂದರೆ ಈ ನದಿಯನ್ನು ನಂಬಿಕೊಂಡೇ ನಮ್ಮ ಜನ ಸಾಲ ಮಾಡಿ ಬೋರ್ ಕೊರೆಸುತ್ತಾರೆ.

ನಮ್ಮಲ್ಲಿ ಎರಡು ಪೆಟ್ಟಿಗೆ ಇದ್ದವು, ನೀವು ಎರಡನೆಯದನ್ನು ನೋಡಿದ್ದೀರಿ. ಮೊದಲನೆಯದರಲ್ಲಿ ಮರಳು. ಮರಳಿನ ನೂರು ಪಾಲಿನಲ್ಲಿ ಸುಮಾರು 30 ಪಾಲು ಬರೀ ಸಂದು, ಚೊಂಬು ನೀರು ಸುರಿದರೆ ಸುಮ್ನೆ ಕುಡಿದುಬಿಡುತ್ತದೆ. ಎರಡನೆಯದರಲ್ಲಿ ಒತ್ತಾಗಿ ಜೋಡಿಸಿದ ಗ್ರಾನೈಟ್. ಗಟ್ಟಿ ಬಂಡೆಯ ನೂರು ಪಾಲಿನಲ್ಲಿ ಒಂದು ಪಾಲಿನಷ್ಟೂ ಸಂದು ಇರುವುದಿಲ್ಲ. ನೀರು ನಿಲ್ಲುವುದು ಬಿರುಕಿನಲ್ಲಿ ಮಾತ್ರ. ಮೇಲಿನ ಸವೆದ ಪದರ ಬಿಟ್ಟರೆ ನಮ್ಮ ಜಿಲ್ಲೆ ಬಹುಪಾಲು ಈ ಎರಡನೇ ಪೆಟ್ಟಿಗೆಯ ಹಾಗೇ ಇದೆ.

"ಬೋರಿಗೆ ಕಿವಿ ಕೊಟ್ಟರೆ ನೀರು ಹರಿಯೋದು ಕೇಳಿಸುತ್ತೆ ಸಾರ್" ಅನ್ನುತ್ತಾರೆ. ಕೇಳಿಸುತ್ತದೆ, ಸುಳ್ಳಲ್ಲ. ಮೇಲಿನ ಬಿರುಕಿನಿಂದ ಒಸರಿದ ನೀರು ನಿಮ್ಮದೇ ಕೊಳವೆಯೊಳಗೆ ಕೆಳಕ್ಕೆ ಬೀಳುವ ಸದ್ದು ಅದು. ನದಿಯೇ ಇದ್ದಿದ್ದರೆ, ನಿಮಗೆ ಎರಡು ಇಂಚು ನೀರು ಸಿಕ್ಕ ಜಾಗದಿಂದ ಇಪ್ಪತ್ತು ಅಡಿ ಆಚೆ ಪಕ್ಕದವರ ಬೋರಿನಲ್ಲಿ ಬರೀ ಧೂಳು ಯಾಕೆ ಎದ್ದಿತು? ನಿಮ್ಮ ಕೊಳವೆ ಬಿರುಕಿಗೆ ತಾಕಿತು, ಅವರದು ತಾಕಲಿಲ್ಲ. ನೀರಿನ ಜಾಗ ತೋರಿಸುವವರ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತರೂ ಬಿರುಕು ಅಲ್ಲಿಗೆ ಬರುವುದಿಲ್ಲ. ಕೆ.ಜಿ.ಎಫ್.ನಲ್ಲಿ ಚಿನ್ನಕ್ಕಾಗಿ 3 ಕಿಲೋಮೀಟರಿಗೂ ಆಳ ಇಳಿದರು. ಅಲ್ಲಿ ಕಂಡದ್ದೂ ಬಂಡೆ ಮತ್ತು ಬಿರುಕು.

ಇನ್ನು ಎಲ್ಲರೂ ಕೊನೆಗೆ ಹಿಡಿಯುವ ಜಾಗ ಅಂತರಗಂಗೆ, ನಮ್ಮ ಕೋಲಾರದ ಬೆಟ್ಟದಲ್ಲಿರುವ ನೀರಿನ ಬುಗ್ಗೆ. ಹೆಸರಲ್ಲೇ ಗಂಗೆ ಇದೆ, ಬೇಸಿಗೆಯಲ್ಲೂ ಬಸವನ ಬಾಯಿಂದ ನೀರು ಬರುತ್ತದೆ, ಅಂದಮೇಲೆ ಒಳಗೆ ನದಿ ಇರಲೇಬೇಕಲ್ವಾ? ತಲೆ ಎತ್ತಿ ನೋಡಿ. ಮೇಲೆ ಅಷ್ಟು ದೊಡ್ಡ ಬೆಟ್ಟ ಇದೆ. ಅಲ್ಲಿ ಬಿದ್ದ ಮಳೆ ಬಂಡೆಯ ಬಿರುಕಿಗೆ ಇಳಿದು, ತಿಂಗಳುಗಟ್ಟಲೆ ನಿಧಾನವಾಗಿ ಒಸರಿ, ಬಿರುಕು ಬಾಯಿ ಬಿಟ್ಟ ಕಡೆ ಹೊರಗೆ ಬರುತ್ತದೆ. ನೀರು ಬೆಟ್ಟದಿಂದ ಇಳಿದು ಬರುತ್ತಿದೆ, ಪಾತಾಳದಿಂದ ಏರಿ ಬರುತ್ತಿಲ್ಲ. ನನಗಂತೂ ಇದು ನದಿಗಿಂತ ದೊಡ್ಡ ಸೋಜಿಗ.

ನಿಜವಾದ ನೆಲದಡಿಯ ಹೊಳೆ ನೋಡಲೇಬೇಕೆಂದರೆ ಆಂಧ್ರದ ಬೆಲುಂ ಗುಹೆಗೆ ಹೋಗಿ. 3,229 ಮೀಟರ್ ಉದ್ದದ ಆ ಗುಹೆಯಲ್ಲಿ ಪಾತಾಳಗಂಗೆ ಎಂಬ ತೊರೆಯೇ ಇದೆ. ಅಲ್ಲಿರುವುದು ಸುಣ್ಣದ ಕಲ್ಲು. ಮಳೆನೀರಿನ ಸಣ್ಣ ಹುಳಿಗೇ ಕರಗಿ ಗುಹೆಯಾಗುತ್ತದೆ. ನಮ್ಮ ಗ್ರಾನೈಟ್ ಹಾಗೆ ಕರಗುವುದಿಲ್ಲ.

ಕರಗುವ ಮಾತು ಬಂತಲ್ಲ, ನೀವು ಕೇಳದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಬಂಡೆ ಕರಗಿ ಗುಹೆಯಾಗದಿದ್ದರೂ ಅದರೊಳಗಿನ ಕೆಲವು ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಬಿರುಕಿನಲ್ಲಿ ನೀರು ಜಾಸ್ತಿ ಕಾಲ ಕೂತಷ್ಟೂ ಇದು ಹೆಚ್ಚು. ಆಳದ ಬೋರುಗಳಲ್ಲಿ ತೊಂದರೆ ಆಗುವುದು ಹೀಗೆ. ಬೇರೆ ನೀರೇ ಸಿಗದ ಕಡೆಯಲ್ಲೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ. ಅದು ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಆದ ಕಲೆ. ಮಗು ಸರಿಯಾಗಿ ಉಜ್ಜುವುದಿಲ್ಲ ಎಂದು ದಯವಿಟ್ಟು ಬೈಯಬೇಡಿ.

ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಆರ್‌.ಒ. ಫಿಲ್ಟರ್ ಅದನ್ನು ತೆಗೆಯುತ್ತದೆ. ನಮ್ಮ ಮಾಡೆಲ್ ಪಕ್ಕದಲ್ಲೇ ಪರೀಕ್ಷೆಯ ಸೀಸೆಗಳಿದ್ದವು. ಕೆಂಪು ದ್ರಾವಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ ಎಂದರ್ಥ. ಮುಂದಿನ ಸಲ ಬರುವಾಗ ನಿಮ್ಮ ಬೋರಿನ ನೀರು ತನ್ನಿ, ಒಟ್ಟಿಗೇ ನೋಡೋಣ. ಗಾಜಿನ ಬಾಟಲಿ ಬೇಡ, ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ.